ಬಾಗಿಲು ತೆರೆಯಿತು, ಆದರೆ ಅವರು ಓಡಲಿಲ್ಲ

ಇವತ್ತಿನ ಆರಾಧನೆಯಲ್ಲಿ ನಮ್ಮ ಮಧ್ಯೆ ಇಳಿದು ಬಂದ ದೇವರಿಗೆ ಸ್ತೋತ್ರ. ಎಲ್ಲರೂ ಕೂತ್ಕೊಳ್ಳಿ. ಬೈಬಲ್ ತೆಗೆಯಿರಿ. ಫೋನಿನಲ್ಲಿ ಇದ್ದರೆ ಫೋನಿನಲ್ಲೇ ತೆಗೆಯಿರಿ, ಪರವಾಗಿಲ್ಲ. ವಾಟ್ಸಾಪ್ ಮಾತ್ರ ಆಮೇಲೆ ನೋಡೋಣ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ, 16ರಿಂದ 34ನೇ ವಚನದವರೆಗೆ.

ಓದುವುದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಎರಡೂ ನಮ್ಮ ಯೂತ್ ಮೀಟಿಂಗಿನ ಮಕ್ಕಳು ನನ್ನನ್ನು ಕೇಳಿದ ಪ್ರಶ್ನೆಗಳೇ. ಹೆಸರು ಹೇಳುವುದಿಲ್ಲ, ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಒಬ್ಬ ತಮ್ಮ, ಕೆಲಸ ಹೋಗಿ ಐದು ತಿಂಗಳು. ಊರಿನಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಪಿ.ಜಿ.ಯಿಂದ ಹೊರಡುತ್ತಾನೆ, ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಾನೆ. ಅವನು ಕೇಳಿದ: "ಪಾಸ್ಟರ್, ಒಳಗೆ ಹೀಗೆಲ್ಲಾ ಇಟ್ಕೊಂಡು ಭಾನುವಾರ ಕೈ ಎತ್ತಿ ಹಾಡೋವಾಗ ನಾಟಕ ಮಾಡ್ತಾ ಇದೀನಿ ಅನ್ಸುತ್ತೆ. ಅದು ಸ್ತುತೀನಾ?"

ಒಬ್ಬ ತಂಗಿ, ಮನೆಯಲ್ಲಿ ದೊಡ್ಡ ಕಷ್ಟ. ಅವಳು ಕೇಳಿದಳು: "ಪಾಸ್ಟರ್, ಕಷ್ಟದಲ್ಲಿ ಸ್ತುತಿಸಿದ್ರೆ ಬಾಗಿಲು ತೆರೆಯುತ್ತೆ ಅಂತಾರೆ. ಸ್ತುತಿಸ್ತಾನೇ ಇದೀನಿ. ಏನೂ ತೆರೀಲಿಲ್ಲ. ನನ್ನ ಸ್ತುತಿಯಲ್ಲಿ ಏನು ಕಮ್ಮಿ ಇದೆ?"

ಈ ಎರಡು ಪ್ರಶ್ನೆ ನಿಮ್ಮಲ್ಲಿ ಎಷ್ಟು ಜನರ ಹೃದಯದಲ್ಲಿದೆ? ಕೈ ಎತ್ತಬೇಡಿ. ಕರ್ತನಿಗೆ ಗೊತ್ತು. ಈಗ ವಾಕ್ಯಕ್ಕೆ ಹೋಗೋಣ.

ಪೌಲನೂ ಸೀಲನೂ ಫಿಲಿಪ್ಪಿಗೆ ಯಾಕೆ ಹೋದರು? ತಮ್ಮ ಇಷ್ಟಕ್ಕೆ ಹೋದವರಲ್ಲ. ತ್ರೋವದಲ್ಲಿ ರಾತ್ರಿ ಪೌಲನಿಗೆ ದರ್ಶನವಾಯಿತು. ಮಕೆದೋನ್ಯದವನೊಬ್ಬ ನಿಂತುಕೊಂಡು, ಬಂದು ನಮಗೆ ಸಹಾಯ ಮಾಡು ಎಂದು ಬೇಡಿಕೊಂಡ. ದೇವರ ಕರೆ ಇದು ಎಂದು ನಿಶ್ಚಯ ಮಾಡಿಕೊಂಡು ಸಮುದ್ರ ದಾಟಿದರು. ಮೊದಲು ಎಲ್ಲಾ ಚೆನ್ನಾಗಿಯೇ ನಡೆಯಿತು. ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರಿಗೆ ಸುವಾರ್ತೆ ಹೇಳಿದರು. ಬೆಲೆಬಾಳುವ ಬಣ್ಣದ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಲುದ್ಯಳ ಹೃದಯವನ್ನು ಕರ್ತನು ತೆರೆದನು. ಆಕೆ ಮನೆಯವರೊಂದಿಗೆ ದೀಕ್ಷಾಸ್ನಾನ ಮಾಡಿಸಿಕೊಂಡಳು.

ಆಮೇಲೆ? ಕಣಿ ಹೇಳುವ ದುರಾತ್ಮ ಹಿಡಿದಿದ್ದ ಒಬ್ಬ ದಾಸಿ ಹುಡುಗಿಯನ್ನು ಯೇಸುವಿನ ನಾಮದಲ್ಲಿ ಬಿಡಿಸಿದರು. ಅವಳನ್ನಿಟ್ಟುಕೊಂಡು ದುಡ್ಡು ಮಾಡುತ್ತಿದ್ದ ಯಜಮಾನರಿಗೆ ಹುಡುಗಿ ವಾಸಿಯಾದ ಸಂತೋಷ ಇಲ್ಲ, ಆದಾಯ ಹೋಯಿತಲ್ಲಾ ಎಂಬ ಸಿಟ್ಟು. ಚೌಕಕ್ಕೆ ಎಳೆದುಕೊಂಡು ಹೋದರು. ವಿಚಾರಣೆ ಇಲ್ಲ, ಬಟ್ಟೆ ಹರಿದರು, ಕೋಲುಗಳಿಂದ ಹೊಡೆಸಿದರು, ಒಳಗಿನ ಸೆರೆಮನೆಗೆ ಹಾಕಿಸಿ ಕಾಲಿಗೆ ಕೋಳ ಬಿಗಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇವರು ದೇವರ ಚಿತ್ತದ ಹೊರಗೆ ಇದ್ದರಾ? ಇಲ್ಲ. ದರ್ಶನ ಕಂಡು, ವಿಧೇಯರಾಗಿ, ಒಳ್ಳೆಯ ಕೆಲಸ ಮಾಡಿ, ಅದಕ್ಕೇ ಜೈಲಿಗೆ ಹೋದರು. ಹಾಗಾದರೆ ನಿನ್ನ ಕಷ್ಟ ನೋಡಿ ಯಾರಾದರೂ, "ಎಲ್ಲೋ ಏನೋ ಪಾಪ ಇರಬೇಕು, ಪರೀಕ್ಷಿಸಿಕೋ" ಎಂದು ಕೂಡಲೇ ತೀರ್ಪು ಕೊಟ್ಟರೆ, ಫಿಲಿಪ್ಪಿಯ ಸೆರೆಮನೆಯನ್ನು ತೋರಿಸು. ಕರೆದ ದೇವರೇ ನಡೆಸಿದ ದಾರಿ ಅದು. ಆಮೆನ್ ಹೇಳ್ತೀರಾ?

ಈಗ 25ನೇ ವಚನ. ಮಧ್ಯರಾತ್ರಿ. ಅವರು ಪ್ರಾರ್ಥಿಸುತ್ತಾ ದೇವರಿಗೆ ಸ್ತುತಿಪದ ಹಾಡುತ್ತಿದ್ದರು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಈ ವಚನವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಆದರೆ 33ನೇ ವಚನವನ್ನು ಅದರ ಜೊತೆ ಇಟ್ಟು ಓದಿ. ಸೆರೆಮನೆಯ ಅಧಿಕಾರಿ ಅವರ ಗಾಯಗಳನ್ನು ತೊಳೆದದ್ದು ಭೂಕಂಪ ಆದ ಮೇಲೆ. ಅಂದರೆ ಅವರು ಹಾಡಿದ್ದು ಗಾಯ ತೊಳೆಯುವುದಕ್ಕೆ ಮುಂಚೆ! ಬೆನ್ನಿನ ಮೇಲೆ ರಕ್ತ ಹೆಪ್ಪುಗಟ್ಟಿದೆ, ಕಾಲು ಮಡಚುವುದಕ್ಕೆ ಆಗುವುದಿಲ್ಲ. ಅಲ್ಲಿ ಕೀಬೋರ್ಡ್ ಇರಲಿಲ್ಲ, ಡ್ರಮ್ಸ್ ಇರಲಿಲ್ಲ, ಲೈಟಿಂಗ್ ಇರಲಿಲ್ಲ.

ಆಗ ಭೂಕಂಪವಾಯಿತು. ಅಸ್ತಿವಾರ ಕದಲಿತು. ಎಲ್ಲಾ ಬಾಗಿಲು ತೆರೆದವು. ಎಲ್ಲರ ಬೇಡಿಗಳು ಕಳಚಿಬಿದ್ದವು. ಹಲ್ಲೆಲೂಯಾ! ನಮ್ಮಲ್ಲಿ ಬಹಳ ಪ್ರಸಂಗಗಳು ಇಲ್ಲಿಗೇ ಮುಗಿಯುತ್ತವೆ. ಸ್ತುತಿಸು, ಬಾಗಿಲು ತೆರೆಯುತ್ತದೆ. ದೇವರು ಬಾಗಿಲು ತೆರೆಯುತ್ತಾನೆ, ಅದು ನೂರಕ್ಕೆ ನೂರು ಸತ್ಯ, ನಾನೂ ನಂಬುತ್ತೇನೆ. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲವಲ್ಲಾ. ಬಾಗಿಲು ತೆರೆದ ಮೇಲೆ ಪೌಲ ಸೀಲರು ಏನು ಮಾಡಿದರು?

ಅಲ್ಲೇ ಇದ್ದರು.

ಅಧಿಕಾರಿ ಎದ್ದು ನೋಡುತ್ತಾನೆ, ಬಾಗಿಲೆಲ್ಲಾ ತೆರೆದಿದೆ. ಕೈದಿಗಳು ಓಡಿಹೋಗಿದ್ದಾರೆ ಎಂದು ಕತ್ತಿ ಹಿರಿದು ತನ್ನ ಪ್ರಾಣ ತೆಗೆದುಕೊಳ್ಳುವುದಕ್ಕೆ ಹೊರಟ. ಯಾಕೆ ಅಷ್ಟು ಭಯ? ಇದೇ ಪುಸ್ತಕದ 12ನೇ ಅಧ್ಯಾಯ ನೋಡಿ, ಪೇತ್ರನು ಸೆರೆಯಿಂದ ಹೋದ ಮೇಲೆ ಹೆರೋದನು ಕಾವಲುಗಾರರಿಗೆ ಮರಣದಂಡನೆ ಕೊಡಿಸಿದ. ಕೈದಿ ತಪ್ಪಿಸಿಕೊಂಡರೆ ಕಾವಲುಗಾರನ ತಲೆ ಹೋಗುತ್ತಿದ್ದ ಕಾಲ ಅದು. ಆ ಕತ್ತಲೆಯಲ್ಲಿ ಪೌಲನು ಗಟ್ಟಿಯಾಗಿ ಕೂಗಿದ: ನಿನಗೆ ನೀನು ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೇವೆ ಎಂಬ ಅರ್ಥದಲ್ಲಿ.

ಪ್ರಿಯರೇ, ಯೋಚನೆ ಮಾಡಿ. ಅವರು ಹೊರಗೆ ಹೋಗುವುದಕ್ಕಾಗಿಯೇ ಹಾಡಿದ್ದರೆ, ಬಾಗಿಲು ತೆರೆದ ಮರುಕ್ಷಣ ಹೊರಗೆ ಇರುತ್ತಿದ್ದರು. ಕೆಲಸ ಆಯಿತು, ಹೊರಟೆವು! ಆದರೆ ಅವರು ಬಾಗಿಲಿಗಾಗಿ ಹಾಡಿರಲಿಲ್ಲ, ದೇವರಿಗಾಗಿ ಹಾಡಿದ್ದರು. ಆದ್ದರಿಂದಲೇ ಬಾಗಿಲು ಮುಚ್ಚಿದ್ದಾಗಲೂ ಹಾಡಿದರು, ತೆರೆದಾಗಲೂ ಓಡಲಿಲ್ಲ. ಹಾಗೆ ಉಳಿದದ್ದರಿಂದ ಆ ರಾತ್ರಿ ಒಬ್ಬ ಮನುಷ್ಯನ ಪ್ರಾಣ ಉಳಿಯಿತು, ಅವನ ಮನೆಯವರೆಲ್ಲರಿಗೂ ರಕ್ಷಣೆ ಬಂತು.

ತಂಗಿ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ನಿನ್ನ ಸ್ತುತಿಯಲ್ಲಿ ಏನೂ ಕಮ್ಮಿ ಇಲ್ಲಮ್ಮಾ. ಸ್ತುತಿ ಎಂಬುದು ಎ.ಟಿ.ಎಂ. ಕಾರ್ಡ್ ಅಲ್ಲ, ಪಿನ್ ಸರಿಯಾಗಿ ಒತ್ತಿದರೆ ದುಡ್ಡು ಬರುತ್ತೆ ಅನ್ನೋ ಹಾಗೆ. ಅದು ದೇವರು ಯಾರು ಎಂಬ ಸತ್ಯವನ್ನು ದೇವರ ಮುಂದೆಯೇ ಹೇಳುವುದು. ನಿನ್ನ ಪರಿಸ್ಥಿತಿ ಬದಲಾದರೂ ಬದಲಾಗದಿದ್ದರೂ ಆತನು ಒಳ್ಳೆಯವನು. ಅದನ್ನು ಹೇಳುವುದಕ್ಕೆ ಭೂಕಂಪ ಆಗುವ ತನಕ ಕಾಯಬೇಕಿಲ್ಲ.

ಅದೇ 12ನೇ ಅಧ್ಯಾಯದಲ್ಲಿ ಇನ್ನೊಂದು ವಿಷಯ ಇದೆ, ನಮಗೆ ಕಷ್ಟವಾದ ವಿಷಯ. ಪೇತ್ರನನ್ನು ದೇವದೂತನು ಬಿಡಿಸಿದನು. ಆದರೆ ಆ ಅಧ್ಯಾಯದ ಆರಂಭದಲ್ಲೇ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದರು. ಒಂದೇ ಸಭೆ, ಒಂದೇ ಅರಸ. ಒಬ್ಬನಿಗೆ ಬಾಗಿಲು ತೆರೆಯಿತು, ಒಬ್ಬನಿಗೆ ತೆರೆಯಲಿಲ್ಲ. ಯಾಕೋಬನ ನಂಬಿಕೆ ಕಡಿಮೆ ಇತ್ತು ಎಂದು ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ನಾವೂ ಹೇಳಬಾರದು.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನಿಮ್ಮಲ್ಲಿ ಹಳಬರಿಗೆ ಗೊತ್ತು, ನನ್ನ ತಾಯಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಈ ಸಭೆ ಉಪವಾಸ ಪ್ರಾರ್ಥನೆ ಮಾಡಿತು, ಎಣ್ಣೆ ಹಚ್ಚಿ ಪ್ರಾರ್ಥಿಸಿದೆವು. ಅಮ್ಮ ಆ ಮಂಚದ ಮೇಲೆ ಮಲಗಿಕೊಂಡು, ಮೆಷಿನ್ ಶಬ್ದದ ಮಧ್ಯೆ, ಮೆಲ್ಲಗೆ ಹಾಡುತ್ತಿದ್ದರು. ಜೋರಾಗಿ ಅಲ್ಲ, ಪಕ್ಕದವರಿಗೆ ತೊಂದರೆ ಆಗಬಾರದು ಅಂತ. ಒಂದು ದಿನ ಪಕ್ಕದ ಮಂಚದ ಅಕ್ಕ ಕೇಳಿಯೇ ಬಿಟ್ಟರು: "ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ದೇವರು ನಿಮ್ಮನ್ನ ಇನ್ನೂ ವಾಸಿ ಮಾಡಿಲ್ವಲ್ಲಾ, ಆದ್ರೂ ಯಾಕೆ ಹಾಡ್ತೀರಾ?"

ಅಮ್ಮ ಹೇಳಿದರು: "ವಾಸಿ ಮಾಡಪ್ಪಾ ಅಂತ ದಿನಾ ಕೇಳ್ತೀನಮ್ಮ. ಆದ್ರೆ ಹಾಡೋದು ಅದಕ್ಕಲ್ಲ. ನಾಲ್ಕು ಗಂಟೆ ನನ್ನ ಜೊತೆ ಇಲ್ಲೇ ಕೂತಿರ್ತಾನಲ್ಲಾ, ಅದಕ್ಕೆ."

ನಾನು ಬೈಬಲ್ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ಆ ಮಾತಿನಲ್ಲಿ ಕಲಿತೆ. ಕೇಳುವುದನ್ನು ಅಮ್ಮ ನಿಲ್ಲಿಸಲಿಲ್ಲ. ಹಾಡುವುದನ್ನೂ ನಿಲ್ಲಿಸಲಿಲ್ಲ. ಹದಿನಾಲ್ಕು ತಿಂಗಳ ನಂತರ ಅಮ್ಮ ಕರ್ತನ ಬಳಿಗೆ ಹೋದರು. ಈ ಲೋಕದಲ್ಲಿ ಆ ಬಾಗಿಲು ತೆರೆಯಲಿಲ್ಲ. ಆದರೆ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಎಂದು ಓದಿದೆವಲ್ಲಾ, ಆ ವಾರ್ಡಿನಲ್ಲೂ ಕೇಳುತ್ತಿದ್ದರು. ಪಕ್ಕದ ಮಂಚದ ಆ ಅಕ್ಕ ಅಮ್ಮನ ಸಮಾಧಿ ಆರಾಧನೆಗೆ ವೀಲ್‌ಚೇರಿನಲ್ಲಿ ಬಂದಿದ್ದರು.

ಈಗ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಗೆ ಬನ್ನಿ. ನಾಲ್ಕು ಅಧ್ಯಾಯ, 104 ವಚನ, ಮೆಟ್ರೋದಲ್ಲಿ ಮನೆಗೆ ಹೋಗುವಷ್ಟರಲ್ಲಿ ಓದಿ ಮುಗಿಸಬಹುದು. ವರ್ಷಗಳು ಕಳೆದಿವೆ. ಅದೇ ಪೌಲ, ಅದೇ ಫಿಲಿಪ್ಪಿಯ ಸಭೆಗೆ ಬರೆಯುತ್ತಿದ್ದಾನೆ. ಎಲ್ಲಿಂದ? ಮತ್ತೊಂದು ಸೆರೆಯಿಂದ! ಈ ಸಾರಿ ಭೂಕಂಪ ಇಲ್ಲ. ಬೇಡಿ ಹಾಗೇ ಇದೆ. ಬಿಡುಗಡೆಯೋ ಮರಣವೋ ಎಂಬುದು ತೀರ್ಮಾನವಾಗಿಲ್ಲ. ಮೊದಲನೇ ಅಧ್ಯಾಯದಲ್ಲಿ ಎರಡನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಾನೆ. ಆದರೂ ಪತ್ರಿಕೆಯ ಉದ್ದಕ್ಕೂ ಒಂದೇ ಮಾತು ಮತ್ತೆ ಮತ್ತೆ: ಸಂತೋಷಪಡಿರಿ. ಕರ್ತನಲ್ಲಿ ಸಂತೋಷಪಡಿರಿ.

ಆ ಪತ್ರಿಕೆಯನ್ನು ಫಿಲಿಪ್ಪಿಯ ಸಭೆಯಲ್ಲಿ ಗಟ್ಟಿಯಾಗಿ ಓದಿರುತ್ತಾರೆ. ಅಲ್ಲಿ ಯಾರು ಕೂತಿದ್ದಿರಬಹುದು? ಲುದ್ಯಳು ಇದ್ದಿರಬಹುದು. ಆ ಸೆರೆಮನೆಯ ಅಧಿಕಾರಿ ಮನೆಯವರೊಂದಿಗೆ ಇದ್ದಿರಬಹುದು. ಅವನಿದ್ದರೆ ಏನು ಅಂದುಕೊಂಡಿರಬೇಕು? "ಈ ಮನುಷ್ಯನ ಬೆನ್ನು ತೊಳೆದವನು ನಾನು. ಬಾಗಿಲು ತೆರೆಯುವುದಕ್ಕೆ ಮುಂಚೆಯೂ ಇವನು ಹಾಡುತ್ತಿದ್ದ. ಈಗ ತೆರೆಯದೇ ಇದ್ದರೂ ಹಾಡುತ್ತಿದ್ದಾನೆ." ದೃಢವಾದ ಆರಾಧನೆ ಅಂದರೆ ಇದೇ. ಮೊದಲನೇ ಸೆರೆಮನೆಯಲ್ಲಿ ಹಾಡಿದ ಬಾಯಿ, ಎರಡನೆಯದರಲ್ಲೂ ಹಾಡುವುದು.

ಈಗ ನಮ್ಮ ತಮ್ಮನ ಪ್ರಶ್ನೆ. ಒಳಗೆ ನೋವು ಇಟ್ಟುಕೊಂಡು ಹಾಡುವುದು ನಾಟಕವಾ?

ಅದೇ ಪತ್ರಿಕೆಯ 2ನೇ ಅಧ್ಯಾಯ ನೋಡು. ಎಪಫ್ರೊದೀತ ಎಂಬ ಸಹೋದರನು ಕಾಯಿಲೆಯಿಂದ ಸಾಯುವ ಸ್ಥಿತಿಗೆ ಹೋಗಿದ್ದ. ದೇವರು ಅವನನ್ನು ಕರುಣಿಸಿದನು, ನನ್ನನ್ನೂ ಕರುಣಿಸಿದನು, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂಬ ಭಾವದಲ್ಲಿ ಪೌಲ ಬರೆಯುತ್ತಾನೆ. ಸಂತೋಷಪಡಿರಿ ಎಂದು ಹೇಳಿದ ಅದೇ ಮನುಷ್ಯ ದುಃಖ ಇದೆ ಎಂದೂ ಒಪ್ಪಿಕೊಳ್ಳುತ್ತಾನೆ. ಅವನು ಮುಖವಾಡ ಹಾಕಿಕೊಂಡಿಲ್ಲ.

ಹಬಕ್ಕೂಕನನ್ನು ನೋಡು. ಅವನ ಪುಸ್ತಕ ಶುರುವಾಗುವುದೇ ದೂರಿನಿಂದ: ಎಷ್ಟು ಕಾಲ ಕೂಗಲಿ, ಯಾಕೆ ಕೇಳಿಸಿಕೊಳ್ಳುತ್ತಿಲ್ಲ ಎಂದು ದೇವರನ್ನೇ ಕೇಳುತ್ತಾನೆ. ಬಂದ ಉತ್ತರವೂ ಸುಲಭದ್ದಲ್ಲ. ಬಾಬೆಲಿನ ಸೈನ್ಯ ಬರುತ್ತದೆ. 3ನೇ ಅಧ್ಯಾಯದಲ್ಲಿ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲದ ಬೆಳೆ, ಕುರಿಹಟ್ಟಿ, ದನದ ಕೊಟ್ಟಿಗೆ ಎಂದು ಒಂದೊಂದಾಗಿ ಲೆಕ್ಕ ಹಾಕುತ್ತಾನೆ. ಆರೂ ಬರಿದು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಸಂಬಳ ಇಲ್ಲ, ಉಳಿತಾಯ ಇಲ್ಲ, ಇಂಟರ್‌ವ್ಯೂ ಕಾಲ್ ಇಲ್ಲ, ಅಡ್ವಾನ್ಸ್ ವಾಪಸ್ಸು ಬರಲ್ಲ. ಆದರೂ ನಾನು ಯೆಹೋವನಲ್ಲಿ ಉಲ್ಲಾಸಪಡುತ್ತೇನೆ ಎಂಬ ತೀರ್ಮಾನಕ್ಕೆ ಬರುತ್ತಾನೆ. ಇದು ನಮಗೆಲ್ಲಾ ಗೊತ್ತಿರುವ ಭಾಗ. ಅದರ ಹಿಂದಿನ ವಚನ, 16ನೆಯದು, ಓದಿದ್ದೀರಾ? ಅಲ್ಲಿ ಅವನಿಗೆ ಹೊಟ್ಟೆಯೊಳಗೆ ನಡುಕ, ತುಟಿ ಅದುರುತ್ತಿದೆ, ಕಾಲು ನಿಲ್ಲುತ್ತಿಲ್ಲ. ಮುಂದಿನ ಉಸಿರಿನಲ್ಲಿ ಸ್ತುತಿ!

ತಮ್ಮಾ, ಅದುರುವ ತುಟಿಯಿಂದ ಬಂದರೂ ಅದು ಸ್ತುತಿಯೇ. ಭಯ ಹೋದ ಮೇಲೆ ಹಾಡುತ್ತೇನೆ ಎಂದು ಹಬಕ್ಕೂಕ ಕಾಯಲಿಲ್ಲ. ಇಲ್ಲದ ಭಾವನೆ ಇದೆ ಎಂದು ತೋರಿಸಿಕೊಂಡರೆ ನಾಟಕ. ನೋವಿದ್ದೂ ದೇವರ ಕಡೆಗೆ ತಿರುಗಿದರೆ ಅದು ನಂಬಿಕೆ.

ಕೀರ್ತನೆಗಳ ಪುಸ್ತಕಕ್ಕೆ ಇಬ್ರಿಯ ಭಾಷೆಯಲ್ಲಿ ತೆಹಿಲ್ಲೀಮ್ ಎಂದು ಹೆಸರು, ಅಂದರೆ ಸ್ತುತಿಗಳು. ಆದರೆ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಳು, ಮೊರೆ, ದೂರು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಅದನ್ನೂ ದೇವರ ಜನರು ಸ್ತುತಿಗಳ ಪುಸ್ತಕದಲ್ಲೇ ಇಟ್ಟರು. ಹಾಗಾದರೆ ನಿನ್ನ ಕಣ್ಣೀರಿಗೂ ಆರಾಧನೆಯಲ್ಲಿ ಜಾಗ ಇದೆ. ಮುಖ ತೊಳೆದುಕೊಂಡು ಬಂದ ಮೇಲೆಯೇ ಒಳಗೆ ಬಾ ಎಂದು ನಮ್ಮ ತಂದೆ ಹೇಳುವುದಿಲ್ಲ.

ಈಗ ನನ್ನ ಹೃದಯವನ್ನು ಹೆಚ್ಚು ಮುಟ್ಟಿದ ಒಂದು ವಚನ. ಮತ್ತಾಯ 26:30. ಪಸ್ಕದ ಊಟ ಮುಗಿಯಿತು. ಯೇಸು ರೊಟ್ಟಿ ಮುರಿದಾಯಿತು, ಪಾತ್ರೆ ಕೊಟ್ಟಾಯಿತು. ಆಮೇಲೆ ಅವರು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು. ಯೆಹೂದ್ಯರು ಪಸ್ಕದಲ್ಲಿ 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುವುದು ವಾಡಿಕೆ. ನಮ್ಮ ಕರ್ತನು ಶಿಲುಬೆಯ ಹಿಂದಿನ ರಾತ್ರಿ ಹಾಡಿದನು! ಯೂದನು ಆಗಲೇ ಮಾರಿಯಾಗಿದೆ. ಪೇತ್ರನು ಬೆಳಗಾಗುವುದರೊಳಗೆ ಬೊಂಕುವನು ಎಂದು ಗೊತ್ತು. ಹಾಡಿದನು. ಆಮೇಲೆ ಗೆತ್ಸೆಮನೆಯಲ್ಲಿ, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದನು.

ಪಾತ್ರೆ ತೊಲಗಲಿಲ್ಲ.

ಮಗನು ಹಾಡಿದನು, ಬೇಡಿದನು, ಆದರೂ ಶಿಲುಬೆಗೆ ಹೋದನು. ಯಾಕೆ? ನಿನಗೋಸ್ಕರ, ನನಗೋಸ್ಕರ. ಆ ಬಾಗಿಲು ಆತನಿಗೆ ತೆರೆಯದೇ ಇದ್ದದ್ದರಿಂದಲೇ ಪರಲೋಕದ ಬಾಗಿಲು ನಮಗೆ ತೆರೆಯಿತು. ಮೂರನೇ ದಿನ ಸಮಾಧಿಯ ಕಲ್ಲು ಉರುಳಿತು. ಹಲ್ಲೆಲೂಯಾ! ನಾವು ಕಷ್ಟದಲ್ಲಿ ಸ್ತುತಿಸುವುದು ಯಾವ ಆಧಾರದ ಮೇಲೆ? ನಾಳೆ ಎಲ್ಲಾ ಸರಿಹೋಗುತ್ತದೆ ಎಂಬ ಊಹೆಯ ಮೇಲೆ ಅಲ್ಲ. ಶಿಲುಬೆಯಲ್ಲಿ ನನ್ನನ್ನು ಪ್ರೀತಿಸಿದವನು ಎದ್ದು ಬಂದಿದ್ದಾನೆ ಎಂಬುದರ ಮೇಲೆ. ಅದು ಆಗಿಹೋದ ಸಂಗತಿ. ಯಾವ ಲೇಆಫ್ ಮೇಲ್ ಅದನ್ನು ಅಳಿಸುವುದಿಲ್ಲ, ಯಾವ ಸ್ಕ್ಯಾನ್ ರಿಪೋರ್ಟ್ ಅದನ್ನು ಬದಲಾಯಿಸುವುದಿಲ್ಲ.

ಮುಗಿಸುವ ಮುಂಚೆ ಈ ವಾರಕ್ಕೆ ನಾಲ್ಕು ಮಾತು, ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು, ದೇವರ ಮುಂದೆ ಮೊದಲು ನಿಜ ಹೇಳಿ. ಕೋಣೆಯಲ್ಲಿ ಜಾಗ ಇಲ್ಲದಿದ್ದರೆ ಟೆರೇಸಿಗೆ ಹೋಗಿ. "ಕರ್ತನೇ, ನನಗೆ ಭಯ ಆಗ್ತಿದೆ" ಎನ್ನಿ. ಆಮೇಲೆ ಒಂದು ಕೀರ್ತನೆ ಬಾಯಿಬಿಟ್ಟು ಓದಿ. ಹತ್ತು ನಿಮಿಷ ಸಾಕು, ಆದರೆ ದಿನಾ. ಪೌಲ ಸೀಲರ ಹತ್ತಿರ ಆ ರಾತ್ರಿ ದೀಪವೂ ಇರಲಿಲ್ಲ. ಬೆಳಕಿನಲ್ಲಿ ಕಲಿತದ್ದು ಕತ್ತಲೆಯಲ್ಲಿ ಬಾಯಿಗೆ ಬಂತು.

ಎರಡು, ಒಂಟಿಯಾಗಬೇಡಿ. ಆ ಸೆರೆಯಲ್ಲಿ ಪೌಲನ ಪಕ್ಕದಲ್ಲಿ ಸೀಲ ಇದ್ದ. ಅಮ್ಮನ ಸಮಾಧಿ ಆರಾಧನೆಯಲ್ಲಿ ನನ್ನ ಗಂಟಲಿನಿಂದ ಒಂದು ಸ್ವರ ಬರಲಿಲ್ಲ. ನೀವು ಹಾಡಿದಿರಿ. ಆ ದಿನ ನಿಮ್ಮ ಹಾಡೇ ನನ್ನ ಹಾಡಾಗಿತ್ತು. ಹಬಕ್ಕೂಕನ ಪ್ರಾರ್ಥನೆಯ ಕೊನೆಯಲ್ಲಿ ಇದು ತಂತಿವಾದ್ಯದೊಂದಿಗೆ ಹಾಡತಕ್ಕದ್ದು ಎಂಬ ಸೂಚನೆ ಇದೆ. ಒಬ್ಬನ ನಡುಕ ಇಡೀ ಸಭೆಯ ಹಾಡಾಯಿತು. ಹಾಡಲಿಕ್ಕೆ ಆಗದ ಭಾನುವಾರವೂ ಬಂದು ಕೂತ್ಕೊಳ್ಳಿ. ನಾವು ಹಾಡುತ್ತೇವೆ.

ಮೂರು, ಸಹಾಯ ಕೇಳುವುದು ಅಪನಂಬಿಕೆ ಅಲ್ಲ. ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ಪ್ರಾರ್ಥನೆಯೂ ಮಾಡೋಣ, ಡಾಕ್ಟರ ಹತ್ತಿರವೂ ಹೋಗೋಣ, ನಾನೇ ಜೊತೆಗೆ ಬರುತ್ತೇನೆ. ಕತ್ತಿ ಹಿರಿದ ಆ ಅಧಿಕಾರಿಗೆ ಪೌಲ ಮೊದಲು ಹೇಳಿದ ಮಾತು ಉಪದೇಶ ಅಲ್ಲ; ನಾವು ಇಲ್ಲೇ ಇದ್ದೇವೆ ಎಂಬುದು. ಈ ಸಭೆ ನಿಮಗೆ ಹೇಳುವುದೂ ಅದನ್ನೇ. ನಿಮಗೆ ನೀವು ಕೇಡು ಮಾಡಿಕೊಳ್ಳಬೇಡಿ. ನಾವು ಇಲ್ಲೇ ಇದ್ದೇವೆ. ತಮ್ಮಾ, ಅಪ್ಪ ಅಮ್ಮನಿಗೂ ಈ ವಾರ ಫೋನ್ ಮಾಡಿ ಹೇಳು.

ನಾಲ್ಕು, ಪಕ್ಕದವರನ್ನು ಅಳೆಯಬೇಡಿ. ಕೈ ಎತ್ತಿಲ್ಲ, ಚಪ್ಪಾಳೆ ತಟ್ಟಿಲ್ಲ ಎಂದು ನೋಡಬೇಡಿ. ಅವರ ಬೆನ್ನಿನ ಗಾಯ ನಿಮಗೆ ಕಾಣುತ್ತಿಲ್ಲ. ಈಗ ಪಕ್ಕದಲ್ಲಿರುವವರ ಕಡೆ ತಿರುಗಿ ಒಂದೇ ಮಾತು ಹೇಳಿ: "ನಾನು ಇಲ್ಲೇ ಇದ್ದೇನೆ." ಹೇಳಿದ್ರಾ? ಮನಸ್ಸಿನಿಂದ ಹೇಳಿ. ಈಗ ಎದ್ದು ನಿಲ್ಲೋಣ. ನಿಲ್ಲಲಿಕ್ಕೆ ಆಗದವರು ಕೂತೇ ಇರಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಈ ಮಕ್ಕಳ ಮುಂದೆ ಮುಚ್ಚಿರುವ ಬಾಗಿಲುಗಳು ನಿನಗೆ ಗೊತ್ತು. ಕರ್ತನೇ, ತೆರೆಯಬೇಕೆಂದು ಬೇಡುತ್ತೇವೆ, ಬೇಡುತ್ತಲೇ ಇರುತ್ತೇವೆ. ಕೆಲಸ ಇಲ್ಲದವರಿಗೆ ಕೆಲಸ ಕೊಡು, ಕಾಯಿಲೆಯವರನ್ನು ಮುಟ್ಟು, ಮನೆಗಳಲ್ಲಿ ಸಮಾಧಾನ ಕೊಡು. ಆದರೆ ತೆರೆದರೂ ತೆರೆಯದಿದ್ದರೂ ನೀನೇ ನಮ್ಮ ದೇವರು. ಪವಿತ್ರಾತ್ಮನೇ, ಅದುರುವ ತುಟಿಗಳಿಗೆ ಹಾಡು ಕೊಡು. ಹಾಡಲಾಗದವರ ಬದಲಾಗಿ ನೀನೇ ವಿಜ್ಞಾಪಿಸು. ನಮ್ಮ ಮಧ್ಯರಾತ್ರಿಯ ಸ್ತುತಿಯನ್ನು ಕೇಳಿಸಿಕೊಳ್ಳುತ್ತಿರುವ ನೆರೆಯವರು, ರೂಮ್‌ಮೇಟ್‌ಗಳು, ಸಹೋದ್ಯೋಗಿಗಳು ನಿನ್ನನ್ನು ತಿಳಿದುಕೊಳ್ಳಲಿ. ನಮಗೋಸ್ಕರ ಹಾಡಿ, ನಮಗೋಸ್ಕರ ಸತ್ತು, ಎದ್ದು ಬಂದ ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.